ನಡೆದುಕೊಂಡು ಬಂದ ವಿದ್ಯಾರ್ಥಿ: ಡಾ. ಎಚ್. ನರಸಿಂಹಯ್ಯ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನಾನು ಬಹಳ ಹೊತ್ತು ಯೋಚಿಸಲಿಲ್ಲ. ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತು, ಮುಂದೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದ ನನಗೆ ಮೊದಲು ನೆನಪಾಗುವ ಹೆಸರು ಒಂದೇ. ಅದು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರದು. ನಾಡಿನ ಜನ ಅವರನ್ನು ಪ್ರೀತಿಯಿಂದ ಎಚ್ಚೆನ್ ಎಂದು ಕರೆಯುತ್ತಿದ್ದರು.

ನಮ್ಮ ವಯಸ್ಸಿನವರಿಗೆ ಈ ಹೆಸರು ಪರಿಚಿತ. ಖಾದಿ ಪಂಚೆ, ಜುಬ್ಬ, ತಲೆಯ ಮೇಲೆ ಗಾಂಧಿ ಟೋಪಿ ಧರಿಸಿದ ಅವರ ಭಾವಚಿತ್ರವನ್ನು ಪತ್ರಿಕೆಗಳಲ್ಲಿ ಎಷ್ಟೋ ಸಲ ನೋಡಿದ್ದೇವೆ. ಆದರೆ ಈಗ ನಮ್ಮ ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಓದುತ್ತಿರುವ ಮಕ್ಕಳೆಲ್ಲ ಅವರು ತೀರಿಹೋದ ಮೇಲೆ ಹುಟ್ಟಿದವರು. ತರಗತಿಯಲ್ಲಿ ಅವರ ಹೆಸರು ಹೇಳಿದರೆ ಮಕ್ಕಳು ನನ್ನ ಮುಖ ನೋಡುತ್ತಾರೆ. ಆ ಮಕ್ಕಳಿಗಾಗಿಯೂ, ಅವರನ್ನು ಶಾಲೆಗೆ ಕಳಿಸುವ ತಂದೆತಾಯಿಗಳಿಗಾಗಿಯೂ ಈ ಲೇಖನ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ನಮ್ಮ ಕಡೆಯಂತೆಯೇ ಅದೂ ಮಳೆಯನ್ನು ನಂಬಿ ಬದುಕುವ ಸೀಮೆ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ, ಬಡ ಕುಟುಂಬ. ದುಡಿದರೆ ಊಟ, ಇಲ್ಲದಿದ್ದರೆ ಇಲ್ಲ ಎನ್ನುವಂಥ ಮನೆ. ಅಂಥ ಮನೆಯ ಹುಡುಗ ನಾಲ್ಕಕ್ಷರ ಕಲಿತರೆ ಅದೇ ಹೆಚ್ಚು ಎಂದು ತಿಳಿಯುತ್ತಿದ್ದ ಕಾಲ ಅದು. ಇನ್ನು ಭೌತಶಾಸ್ತ್ರ, ಸಂಶೋಧನೆ, ವಿದೇಶ ಎಂಬ ಮಾತುಗಳು ಅವರ ಓಣಿಯಲ್ಲಿ ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ.

ಹೊಸೂರಿನಲ್ಲಿ ಇದ್ದದ್ದು ಮಾಧ್ಯಮಿಕ ಶಾಲೆಯವರೆಗೆ ಮಾತ್ರ. ಅಲ್ಲಿಗೆ ಓದು ಮುಗಿಯಿತು. ಊರಲ್ಲಿ ಹೈಸ್ಕೂಲು ಇಲ್ಲ, ಪರಸ್ಥಳಕ್ಕೆ ಹೋಗಿ ಓದಲು ಕೈಯಲ್ಲಿ ಕಾಸಿಲ್ಲ. ನಮ್ಮೂರಲ್ಲಿ ಈ ಪ್ರೌಢಶಾಲೆ ತೆರೆಯುವ ಮುಂಚೆ ಎಷ್ಟು ಮಕ್ಕಳ ಓದು ಇಂಥದೇ ಜಾಗದಲ್ಲಿ ನಿಂತುಹೋಗಿತ್ತು ಎಂಬುದನ್ನು ಹಿರಿಯರು ಬಲ್ಲರು. ನರಸಿಂಹಯ್ಯನವರ ಓದೂ ಅಲ್ಲಿಯೇ ನಿಲ್ಲಬೇಕಾಗಿತ್ತು. ನಿಲ್ಲದಂತೆ ಮಾಡಿದವರು ಅವರ ಗುರುಗಳಾದ ಎಂ.ಎಸ್. ನಾರಾಯಣರಾಯರು. ಈ ಹುಡುಗನ ಬುದ್ಧಿಯನ್ನು ಕಂಡಿದ್ದ ಅವರು ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರುವಂತೆ ಸಲಹೆ ಕೊಟ್ಟರು.

ಸಲಹೆಯೇನೋ ಸಿಕ್ಕಿತು. ಬಸ್ಸಿಗೆ, ರೈಲಿಗೆ ದುಡ್ಡು? ಅದಿರಲಿಲ್ಲ. 1935ರಲ್ಲಿ ಹದಿನೈದು ವಯಸ್ಸಿನ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ. ಎಂಬತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಎರಡು ದಿನಗಳ ನಡಿಗೆ. ನಮ್ಮ ಮಕ್ಕಳಿಗೆ ಅಂದಾಜು ಸಿಗಲೆಂದು ಹೇಳುತ್ತೇನೆ. ಕಿನ್ನಾಳದಿಂದ ಹೊರಟು, ಕೊಪ್ಪಳ ದಾಟಿ, ಗದಗನ್ನೂ ದಾಟಿ ಮುಂದೆ ಹೋದಷ್ಟು ದೂರ. ಕಲಿಯಬೇಕೆಂಬ ಒಂದೇ ಆಸೆಗಾಗಿ ಅಷ್ಟು ದೂರ ನಡೆದ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆ ನಡಿಗೆಯನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ನಡೆದು ತಲುಪಿದ ಮೇಲೆ ಅಲ್ಲಿ ಅವನಿಗೆ ಏನು ಸಿಕ್ಕಿತು ಎಂಬುದು.

ಅವನಿಗೆ ಸಿಕ್ಕದ್ದು ಮೂರು ವಸ್ತು. ಒಂದು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಕೂಡ್ರಲು ಜಾಗ. 1917ರಲ್ಲಿ ಶುರುವಾದ, ರಾಷ್ಟ್ರೀಯ ಮನೋಭಾವದ ಒಳ್ಳೆಯ ಶಾಲೆ ಅದು. ಎರಡು, ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಮಲಗಲು ಒಂದಷ್ಟು ನೆಲ ಮತ್ತು ಎರಡು ಹೊತ್ತಿನ ಊಟ. ಮೂರು, ತನ್ನನ್ನು ಹೆಸರು ಹಿಡಿದು ಕರೆಯುವ, ತನ್ನ ಓದಿನ ಬಗ್ಗೆ ಕಾಳಜಿ ಇರುವ ಗುರುಗಳು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಹುಡುಗ ಬಂದ ದಾರಿಯಲ್ಲೇ ಹೊಸೂರಿಗೆ ಹಿಂದಿರುಗಬೇಕಾಗುತ್ತಿತ್ತು. ಜಾಣತನ ಅವನಿಗೆ ಹುಟ್ಟಿನಿಂದ ಬಂದಿತ್ತು, ಹಟವೂ ಇತ್ತು. ಆದರೆ ಜಾಣತನ, ಹಟ ಎರಡೂ ಇದ್ದು ಹೊಲದಲ್ಲಿ, ಮಗ್ಗದ ಕುಣಿಯಲ್ಲಿ ಉಳಿದುಹೋದವರು ನಮ್ಮಲ್ಲಿ ಎಷ್ಟು ಮಂದಿ! ಜಾಗ, ಊಟ, ಗುರು ಸಿಕ್ಕದ್ದರಿಂದ ಈ ಒಬ್ಬ ಉಳಿದುಕೊಂಡ. ನರಸಿಂಹಯ್ಯನವರು ಇದನ್ನು ಜೀವನಪೂರ್ತಿ ಮರೆಯಲಿಲ್ಲ. ಅವರು ಮುಂದೆ ಮಾಡಿದ ಕೆಲಸಗಳನ್ನೆಲ್ಲ ಒಂದು ಕಡೆ ಇಟ್ಟು ನೋಡಿದರೆ, ತನಗೆ ಸಿಕ್ಕ ಈ ಮೂರನ್ನು ಇತರ ಮಕ್ಕಳಿಗೂ ಸಿಗುವಂತೆ ಮಾಡಿದ್ದೇ ಕಾಣುತ್ತದೆ.

ಹೈಸ್ಕೂಲಿನ ದಿನಗಳಲ್ಲೇ ಗಾಂಧೀಜಿಯವರ ಪ್ರಭಾವ ಅವರ ಮೇಲಾಯಿತು. ಖಾದಿ ಮೈಗೆ ಬಂತು, ಕೊನೆಯ ದಿನದವರೆಗೂ ಹೋಗಲಿಲ್ಲ. ಮುಂದೆ ಸೆಂಟ್ರಲ್ ಕಾಲೇಜು ಸೇರಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಆನರ್ಸ್ ಮಾಡಿದರು. 1942ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾದಾಗ ಓದನ್ನು ಬದಿಗಿಟ್ಟು ಹೋರಾಟಕ್ಕೆ ಇಳಿದರು. ಬೆಂಗಳೂರು, ಮೈಸೂರಿನ ಜೈಲುಗಳನ್ನಲ್ಲದೆ ಪುಣೆಯ ಯೆರವಡಾ ಜೈಲನ್ನೂ ಕಂಡರು. ಬಡ ಕುಟುಂಬದ ಹುಡುಗ, ಇನ್ನೇನು ಓದು ಮುಗಿಸಿ ನೌಕರಿ ಹಿಡಿದು ಮನೆಗೆ ಆಸರೆಯಾಗಬೇಕಾದ ಹೊತ್ತಿನಲ್ಲಿ ಜೈಲಿಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ಹೊರಗೆ ಬಂದ ಮೇಲೆ ಬಿಟ್ಟ ಓದನ್ನು ಮತ್ತೆ ಹಿಡಿದು 1946ರಲ್ಲಿ ಎಂ.ಎಸ್ಸಿ. ಮುಗಿಸಿದರು.

ಅದೇ ವರ್ಷ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಕಾಲೇಜು ಶುರುವಾಗಿ ಆಗ ಒಂದೇ ವರ್ಷವಾಗಿತ್ತು. ಹೆಚ್ಚು ಸಂಬಳದ ಸರ್ಕಾರಿ ಹುದ್ದೆ ಹುಡುಕಿಕೊಂಡು ಹೋಗಲಿಲ್ಲ, ತನ್ನನ್ನು ಬೆಳೆಸಿದ ಸಂಸ್ಥೆಯಲ್ಲೇ ಉಳಿದರು. ಹತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ಮೇಲೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ನಲವತ್ತು ವರ್ಷ. ಕಲಿಯಲು ವಯಸ್ಸಿನ ಹಂಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಅಲ್ಲಿಯೇ ಉಳಿಯಬಹುದಾಗಿತ್ತು. ಉಳಿಯಲಿಲ್ಲ. ಬಂದವರೇ 1961ರಲ್ಲಿ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು.

ಮರುವರ್ಷ, ಅಂದರೆ 1962ರಲ್ಲಿ, ಅವರು ಮಾಡಿದ ಒಂದು ಕೆಲಸ ನನ್ನ ಮಟ್ಟಿಗೆ ಅವರ ಜೀವನದ ಅತಿ ದೊಡ್ಡ ಕೆಲಸ. ಬೆಂಗಳೂರು ಸೈನ್ಸ್ ಫೋರಂ ಎಂಬ ವೇದಿಕೆಯನ್ನು ಅವರು ಕಟ್ಟಿದರು. ಇದರ ರೀತಿ ಬಹಳ ಸರಳ. ಪ್ರತಿ ಬುಧವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ಒಬ್ಬ ವಿಜ್ಞಾನಿಯ ಉಪನ್ಯಾಸ. ಟಿಕೆಟ್ ಇಲ್ಲ, ಆಮಂತ್ರಣ ಬೇಕಿಲ್ಲ. ಯಾರಾದರೂ ಬರಬಹುದು, ಕೇಳಬಹುದು, ಕೊನೆಗೆ ಎದ್ದು ನಿಂತು ಪ್ರಶ್ನೆ ಹಾಕಬಹುದು. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿದ್ದವು. ಆದರೆ ಅವುಗಳ ಕಾಂಪೌಂಡಿನೊಳಗೆ ಏನು ನಡೆಯುತ್ತದೆ ಎಂಬುದು ಹೊರಗಿನ ಸಾಮಾನ್ಯ ಜನರಿಗೆ ತಿಳಿಯುತ್ತಿರಲಿಲ್ಲ. ನರಸಿಂಹಯ್ಯನವರು ಆ ವಿಜ್ಞಾನಿಗಳನ್ನೇ ಕರೆತಂದು ವಿದ್ಯಾರ್ಥಿಗಳ, ಗುಮಾಸ್ತರ, ಅಂಗಡಿಯವರ, ಗೃಹಿಣಿಯರ ಎದುರು ನಿಲ್ಲಿಸಿದರು. ಪ್ರತಿ ವರ್ಷ ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವವೂ ನಡೆಯತೊಡಗಿತು. ವಾರ ತಪ್ಪದೆ ನಡೆದ ಆ ಉಪನ್ಯಾಸಗಳು ಅವರ ಕಾಲದಲ್ಲೇ ಸಾವಿರದ ಗಡಿ ದಾಟಿದವು. ಒಂದು ಸಭೆ ಮಾಡುವುದು ಸುಲಭ. ನಲವತ್ತು ವರ್ಷ ಬುಧವಾರ ಬುಧವಾರ ಮಾಡುವುದು ಎಷ್ಟು ಕಷ್ಟವೆಂಬುದು, ವರ್ಷಕ್ಕೊಮ್ಮೆ ವಿಜ್ಞಾನ ದಿನಾಚರಣೆ ಮಾಡಿ ದಣಿಯುವ ನನ್ನಂಥ ಮಾಸ್ತರರಿಗೆ ಗೊತ್ತು.

ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿ ಹೇಳಬೇಕು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಕಾರವಾರದ ಕಡೆಯಿಂದ ಬಂದು ಹುಬ್ಬಳ್ಳಿ, ಗದಗ ದಾಟಿ, ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ನಮ್ಮ ನೆಲದ ಮೇಲೆಯೇ ಹಾದುಹೋಯಿತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ವಿಜ್ಞಾನಿಗಳು ದುರ್ಬೀನುಗಳೊಂದಿಗೆ ಬಿಡಾರ ಹೂಡಿದ್ದರು. ಅಂಥ ಗ್ರಹಣ ಒಂದೇ ಊರಿನ ಮೇಲೆ ಮತ್ತೆ ಬರಬೇಕಾದರೆ ಸರಾಸರಿ ಮುನ್ನೂರು-ನಾನ್ನೂರು ವರ್ಷ ಬೇಕು. ನಾವು ಹುಡುಗರು ಅಂದು ಎಲ್ಲಿದ್ದೆವು? ಬಾಗಿಲು ಕಿಟಕಿ ಮುಚ್ಚಿದ ಮನೆಯೊಳಗೆ. ದನಗಳು ಕೊಟ್ಟಿಗೆಯಲ್ಲಿ, ನೀರಿನ ಕೊಡದ ಮೇಲೆ ದರ್ಭೆ, ಓಣಿಯಲ್ಲಿ ನರಪಿಳ್ಳೆ ಇಲ್ಲ. ಹಿರಿಯರದು ತಪ್ಪೆಂದು ನಾನು ಹೇಳಲಾರೆ. ಬರಿಗಣ್ಣಿಂದ ಸೂರ್ಯನನ್ನು ನೋಡಿದರೆ ಕಣ್ಣಿಗೆ ಅಪಾಯ ಎಂಬುದು ನಿಜವೇ. ಆದರೆ ಕಣ್ಣಿಗೆ ಕೇಡಾಗದಂತೆ ನೋಡುವ ಬಗೆ ಇದೆ, ಒಂದು ರಟ್ಟಿಗೆ ಸಣ್ಣ ತೂತು ಮಾಡಿ ಗ್ರಹಣದ ಬಿಂಬವನ್ನು ನೆಲದ ಮೇಲೆ ಬೀಳಿಸಬಹುದು ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ವಿಜ್ಞಾನಿಗಳು ಎಲ್ಲಿಂದಲೋ ಬಂದು ನೋಡಿಹೋದರು, ಕೆಳಗಿದ್ದ ನಾವು ನೋಡಲಿಲ್ಲ. ಬೆಂಗಳೂರಿನಲ್ಲಿ ಬುಧವಾರದ ಸಭೆ ಏಕೆ ಬೇಕಾಗಿತ್ತು, ಅಂಥದು ನಮ್ಮಲ್ಲಿ ಏಕೆ ಬೇಕು ಎಂಬುದಕ್ಕೆ ನಾನು ಮಕ್ಕಳಿಗೆ ಕೊಡುವ ಉದಾಹರಣೆ ಇದೇ.

ಮತ್ತೆ ನರಸಿಂಹಯ್ಯನವರ ಕಥೆಗೆ ಬರೋಣ. 1970ರ ದಶಕದಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, 1977ರವರೆಗೆ ಆ ಹುದ್ದೆಯಲ್ಲಿದ್ದರು. ಅಷ್ಟು ದೊಡ್ಡ ಹುದ್ದೆಗೆ ಏರಿದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ತಮ್ಮ ಕೋಣೆಯನ್ನು ಅವರು ಬಿಡಲಿಲ್ಲ. 1976ರಲ್ಲಿ ಪವಾಡಗಳನ್ನೂ ಪರಿಶೀಲಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದಿಂದ ಒಂದು ಸಮಿತಿ ರಚಿಸಿ, ತಾವೇ ಅದರ ಅಧ್ಯಕ್ಷರಾದರು. ಕೈಯಿಂದ ವಿಭೂತಿ ಬರಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಹುಡುಗನಿದ್ದಲ್ಲಿಗೆ ಸಮಿತಿ ಹೋಗಿ ನೋಡಿದಾಗ, ವಿಭೂತಿ ಬರುತ್ತಿದ್ದದ್ದು ಅಂಗಿಯ ಒಳಗಿನಿಂದ ಎಂದು ಗೊತ್ತಾಯಿತು. ದೊಡ್ಡ ದೊಡ್ಡ ಪವಾಡ ಪುರುಷರನ್ನೂ ಪರೀಕ್ಷೆಗೆ ಒಳಗಾಗುವಂತೆ ಅವರು ಬಹಿರಂಗವಾಗಿ ಕೇಳಿದರು. ನಾಡಿನಲ್ಲಿ ಗದ್ದಲವೆದ್ದಿತು. ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆ ಎಂದು ಕೇಳಿದವರಿದ್ದರು, ತಮ್ಮ ಶ್ರದ್ಧೆಗೆ ಪೆಟ್ಟು ಬಿತ್ತೆಂದು ನೊಂದವರೂ ಇದ್ದರು. ನಾನು ತಿಳಿದಂತೆ ಅವರ ಜಗಳ ಯಾರ ಭಕ್ತಿಯ ಜೊತೆಗೂ ಇರಲಿಲ್ಲ. ಕಣ್ಣಿಗೆ ಕಾಣುವಂತೆ ನಡೆಯುತ್ತದೆ ಎಂದು ಹೇಳಿಕೊಳ್ಳುವ ಸಂಗತಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿ ನೋಡೋಣ ಎಂಬುದಷ್ಟೇ ಅವರ ವಾದ.

ಬಡ ಮಕ್ಕಳ ವಿಜ್ಞಾನ ಶಿಕ್ಷಣಕ್ಕೂ ಈ ಪವಾಡದ ವಿಚಾರಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ನಮ್ಮ ಮಕ್ಕಳು ಪ್ರಶ್ನೆ ಕೇಳಲು ಹೆದರುತ್ತಾರೆ. ಮನೆಯಲ್ಲಿ ಹಿರಿಯರನ್ನು ಕೇಳಬಾರದು, ಶಾಲೆಯಲ್ಲಿ ಮಾಸ್ತರರನ್ನು ಕೇಳಬಾರದು, ಊರಲ್ಲಿ ದೊಡ್ಡವರನ್ನು ಕೇಳಬಾರದು. ಉಳ್ಳವರ ಮನೆಯ ಮಗು ಪ್ರಶ್ನೆ ಕೇಳಿದರೆ ಚುರುಕು ಎನ್ನುತ್ತಾರೆ, ಬಡವರ ಮಗು ಕೇಳಿದರೆ ಉದ್ಧಟ ಎನ್ನುತ್ತಾರೆ. ಹೀಗೆ ಬಾಯಿ ಕಟ್ಟಿಸಿಕೊಂಡು ಬೆಳೆದ ಮಗು ವಿಜ್ಞಾನದ ಪುಸ್ತಕವನ್ನು ಬಾಯಿಪಾಠ ಮಾಡಬಹುದು, ವಿಜ್ಞಾನ ಕಲಿಯಲಾರದು. ಏಕೆ, ಹೇಗೆ, ಏನು ಎಂದು ಕೇಳುವುದು ಎಲ್ಲರ ಹಕ್ಕು ಎಂದು ಊರೂರಿಗೆ ಹೋಗಿ ಸಾರಿದ ನರಸಿಂಹಯ್ಯನವರು ಬಡ ಮಕ್ಕಳಿಗೆ ಕೊಟ್ಟ ದೊಡ್ಡ ಉಡುಗೊರೆ ಈ ಧೈರ್ಯ.

ಅವರು ಮಾತಿಗೆ ನಿಲ್ಲಲಿಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ಶಾಲೆ ಕಾಲೇಜುಗಳನ್ನು ಬೆಂಗಳೂರಿನಿಂದ ಹೊರಗೆ ಕೊಂಡೊಯ್ದರು. ಯಾವ ಹೊಸೂರಿನಲ್ಲಿ ಹೈಸ್ಕೂಲು ಇಲ್ಲದೆ ತಾನು ಬೆಂಗಳೂರಿಗೆ ನಡೆಯಬೇಕಾಯಿತೋ ಅದೇ ಹೊಸೂರಿನಲ್ಲಿ ನ್ಯಾಷನಲ್ ಹೈಸ್ಕೂಲು ಬಂತು. ಗೌರಿಬಿದನೂರಿಗೆ, ಆಂಧ್ರದ ಗಡಿಗೆ ಹತ್ತಿದ ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜುಗಳು ಬಂದವು. ಶಿಕ್ಷಣ ವ್ಯಾಪಾರವಾಗುತ್ತಿದ್ದ ಕಾಲದಲ್ಲಿ ಡೊನೇಷನ್ ಪದ್ಧತಿಯನ್ನು ಕಡೆಯವರೆಗೂ ವಿರೋಧಿಸಿದರು. ರಾಜಧಾನಿಯಲ್ಲಿ ಹೆಸರು ಮಾಡಿದ ಸಂಸ್ಥೆಯೊಂದು ಬರಗಾಲದ ಸೀಮೆಯ ಹಳ್ಳಿಗೆ ಬರುವುದೆಂದರೆ ಅದರ ಬೆಲೆ ಹಳ್ಳಿಯವರಿಗೇ ಗೊತ್ತು. ತಾನು ನಡೆದ ದಾರಿಯನ್ನು ಮುಂದಿನ ಹುಡುಗರು ನಡೆಯಬೇಕಾಗಿ ಬರದಂತೆ ನೋಡಿಕೊಂಡದ್ದು ಅವರ ಹೆಚ್ಚುಗಾರಿಕೆ.

ಅವರು ಮದುವೆಯಾಗಲಿಲ್ಲ. ಹಾಸ್ಟೆಲಿನ ಒಂದು ಕೋಣೆಯೇ ಮನೆ, ಹಾಸ್ಟೆಲಿನ ಹುಡುಗರೇ ಮನೆಮಂದಿ. ಭಾರತ ಸರ್ಕಾರ 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿತು. ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. ತಮ್ಮ ಬದುಕನ್ನು ಹೋರಾಟದ ಹಾದಿ ಎಂಬ ಆತ್ಮಕಥೆಯಲ್ಲಿ ಬರೆದಿದ್ದಾರೆ. ತೆರೆದ ಮನ ಎಂಬುದು ಅವರ ಲೇಖನಗಳ ಸಂಗ್ರಹ. ಎರಡೂ ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕಗಳು. 2005ರ ಜನವರಿ 31ರಂದು ಅವರು ತೀರಿಕೊಂಡರು. ಬಿಟ್ಟುಹೋದ ಆಸ್ತಿಯೆಂದರೆ ಶಾಲೆಗಳು, ಕಾಲೇಜುಗಳು ಮತ್ತು ಬುಧವಾರದ ಸಭೆ.

ಈಗ ನಮ್ಮ ವಿಷಯ. ನಮ್ಮ ಭಾಗಕ್ಕೆ ಅನ್ಯಾಯವಾಗಿದೆ ಎಂದು ಬಹಳ ವರ್ಷ ಕೂಗಿದ ಮೇಲೆ 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ) ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದರಿಂದ ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ನಮ್ಮ ಮಕ್ಕಳಿಗೆ ಮೀಸಲು ದೊರೆಯಿತು. ಕೊಪ್ಪಳದಲ್ಲಿಯೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಇದು ದೊಡ್ಡ ಗೆಲುವು. ಆದರೆ ಆ ಸೀಟು ಇರುವುದು ದಾರಿಯ ಕೊನೆಯಲ್ಲಿ. ದಾರಿ ಶುರುವಾಗುವುದು ಇಲ್ಲಿ, ಎಂಟನೇ ತರಗತಿಯಲ್ಲಿ. ಹತ್ತನೆಯದರಲ್ಲಿ ಒಳ್ಳೆಯ ಅಂಕ ತೆಗೆದ ಎಷ್ಟೋ ಮಕ್ಕಳು ಪಿಯುಸಿಯಲ್ಲಿ ವಿಜ್ಞಾನದ ಗೊಡವೆಗೆ ಹೋಗುವುದಿಲ್ಲ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಎಂಬ ಅಂಜಿಕೆ, ಟ್ಯೂಷನ್ನಿಗೆ ದುಡ್ಡಿಲ್ಲ, ಸಂಜೆ ಪ್ರಾಕ್ಟಿಕಲ್ ಮುಗಿಸಿ ಬರುವ ಹೆಣ್ಣುಮಗಳಿಗೆ ಬಸ್ಸಿಲ್ಲ. ನಾನು ಕೆಲಸ ಮಾಡಿದ ಒಂದು ಊರಿನ ಶಾಲೆಯಲ್ಲಿ ಪ್ರಯೋಗದ ಸಾಮಾನುಗಳು ವರ್ಷಗಟ್ಟಲೆ ಕಪಾಟಿನಲ್ಲಿ ಬೀಗದೊಳಗೇ ಇದ್ದವು, ಒಡೆದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯಕ್ಕೆ. ಬಾಗಿಲು ತೆರೆದಿದೆ, ಬಾಗಿಲವರೆಗೆ ಮಕ್ಕಳು ತಲುಪುತ್ತಿಲ್ಲ.

ಹಾಗೆಂದು ನಮ್ಮೂರಿನಲ್ಲಿ ವಿಜ್ಞಾನಕ್ಕೆ ಬರವಿಲ್ಲ. ನಮ್ಮ ಚಿತ್ರಗಾರರ ಓಣಿಗೆ ಹೋಗಿ ನೋಡಿರಿ. ಹಗುರಾದ ಕಟ್ಟಿಗೆಯನ್ನೇ ಏಕೆ ಆರಿಸುತ್ತಾರೆ? ಹುಣಸೆ ಬೀಜವನ್ನು ನೆನೆಸಿ, ಅರೆದು, ಕುದಿಸಿದರೆ ಅದು ಏಕೆ ಅಂಟಾಗುತ್ತದೆ? ಬಣ್ಣ ಹಚ್ಚುವ ಮುಂಚೆ ಮರದ ಮೇಲೆ ಗಟ್ಟಿ ಪದರ ಏಕೆ ಬೇಕು? ಕಿನ್ನಾಳದ ಗೊಂಬೆ ಮಾಡುವವರಿಗೆ ಇದೆಲ್ಲ ಕೈಯಲ್ಲಿ ಗೊತ್ತು. ಪಠ್ಯಪುಸ್ತಕದ ರಸಾಯನಶಾಸ್ತ್ರವನ್ನು ಅವರ ಕೈಯ ತಿಳಿವಳಿಕೆಗೆ ಜೋಡಿಸಿ ಕಲಿಸಿದಾಗ, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂಡ್ರುತ್ತಿದ್ದ ಹುಡುಗ ಎದ್ದು ನಿಂತು ಇಡೀ ತರಗತಿಗೆ ವಿವರಿಸಿದ್ದನ್ನು ನಾನು ಕಂಡಿದ್ದೇನೆ. ಅಂದು ಅವನು ಮಾಸ್ತರ, ನಾನು ವಿದ್ಯಾರ್ಥಿ.

ಕೊನೆಗೆ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ, ಊರ ಹಿರಿಯರಲ್ಲಿ ಒಂದು ವಿನಂತಿ. ಐವತ್ತು ವರ್ಷದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ನರಸಿಂಹಯ್ಯನವರಿಗೆ ಸಿಕ್ಕ ಆ ಮೂರನ್ನು ನಮ್ಮ ಮಕ್ಕಳಿಗೂ ಕೊಡಿಸೋಣ. ಈ ಶಾಲೆಯಿಂದ ಹೋಗಿ ಇಂಜಿನಿಯರ್, ನರ್ಸ್, ಲೈನ್‌ಮನ್, ಕೃಷಿ ಅಧಿಕಾರಿ, ಮೆಕ್ಯಾನಿಕ್ ಆದವರು ನಮ್ಮಲ್ಲಿದ್ದಾರೆ. ವಾರಕ್ಕೊಬ್ಬರು, ಬುಧವಾರ ಸಂಜೆ ಒಂದು ತಾಸು, ಶಾಲೆಗೆ ಬಂದು ತಮ್ಮ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಲಿ, ಮಕ್ಕಳ ಪ್ರಶ್ನೆಗೆ ಉತ್ತರ ಕೊಡಲಿ. ಪಿಯುಸಿ ವಿಜ್ಞಾನಕ್ಕೆ ಹೋಗುವ ಬಡ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೊಪ್ಪಳದಲ್ಲಿ ಇರಲು ಜಾಗ, ಊಟದ ವ್ಯವಸ್ಥೆ ನಾವು ಕೂಡಿ ಮಾಡೋಣ. ಪ್ರಯೋಗಾಲಯದ ಗಾಜಿನ ನಳಿಕೆ ಒಡೆದರೆ ಹೊಸದು ತರಲು ಒಂದು ಸಣ್ಣ ನಿಧಿ ಇಡೋಣ. ಮಕ್ಕಳ ಕೈಯಲ್ಲಿ ನಳಿಕೆ ಒಡೆದರೆ ಅಲ್ಲಿ ಪ್ರಯೋಗ ನಡೆದಿದೆ ಎಂದರ್ಥ, ಅದಕ್ಕೆ ಯಾರೂ ಬೈಯುವುದು ಬೇಡ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮಗೆ ಎಂಬತ್ತು ಕಿಲೋಮೀಟರು ನಡೆಯಿರೆಂದು ಯಾರೂ ಹೇಳುವುದಿಲ್ಲ. ತರಗತಿಯಲ್ಲಿ ಕೈ ಎತ್ತಿ ಒಂದು ಪ್ರಶ್ನೆ ಕೇಳಿರಿ. ಅದಕ್ಕೆ ಉತ್ತರ ಹುಡುಕುವ ಕೆಲಸದಲ್ಲಿ ನಾವು, ನಿಮ್ಮ ಮಾಸ್ತರರು, ನಿಮ್ಮ ಜೊತೆಗಿದ್ದೇವೆ.

– ಒಬ್ಬ ಹಳೆಯ ವಿದ್ಯಾರ್ಥಿ, ವಿಜ್ಞಾನ ಶಿಕ್ಷಕ